ಗಾಯಕ್ಕೆ, ಚುಚ್ಚಿಸಿದ ಕಿವಿ-ಮೂಗಿಗೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಬಹುದೇ? ಪದೇ ಪದೇ ಕೇಳುವ ಪ್ರಶ್ನೆಗಳು

ಮೆಡಿಕಲ್ ಶಾಪಿನಲ್ಲಿ ಕಡಿಮೆ ಬೆಲೆಗೆ, ಚೀಟಿ ಇಲ್ಲದೆಯೇ ಸಿಗುವ ಔಷಧಿ ಇದು. ಎಷ್ಟೋ ಮನೆಗಳಲ್ಲಿ ಹತ್ತಿ, ಬ್ಯಾಂಡೇಜಿನ ಪಕ್ಕದಲ್ಲೇ ಒಂದು ಬಾಟಲಿ ಇರುತ್ತದೆ. ಮಗು ಬಿದ್ದರೂ ಅದೇ, ಹೊಸದಾಗಿ ಮೂಗು ಚುಚ್ಚಿಸಿದರೂ ಅದೇ. ಇದನ್ನು ಎಲ್ಲಿ ಬಳಸಬಹುದು, ಎಲ್ಲಿ ಮುಟ್ಟಲೇಬಾರದು ಎಂದು ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಹಾಕಿದ ಕೂಡಲೇ ಬುಸ್ ಎಂದು ನೊರೆ ಬರುತ್ತದಲ್ಲ, ಅದು ಏನು?

ನೀರಿನ ಅಣುವಿನಲ್ಲಿ ಎರಡು ಹೈಡ್ರೋಜನ್, ಒಂದು ಆಕ್ಸಿಜನ್. ಪೆರಾಕ್ಸೈಡಿನಲ್ಲಿ ಆಕ್ಸಿಜನ್ ಎರಡು. ಫ್ರಾನ್ಸಿನ ಲೂಯಿ ಜಾಕ್ ಥೆನಾರ್ 1818ರಲ್ಲಿ ಇದನ್ನು ಮೊದಲು ತಯಾರಿಸಿದರು. ಈ ಹೆಚ್ಚುವರಿ ಆಕ್ಸಿಜನ್ ಗಟ್ಟಿಯಾಗಿ ನಿಲ್ಲುವುದಿಲ್ಲ, ಸ್ವಲ್ಪ ನೆಪ ಸಿಕ್ಕರೂ ಬಿಟ್ಟು ಹೊರಡುತ್ತದೆ. ನಮ್ಮ ರಕ್ತದಲ್ಲಿ, ಚರ್ಮದ ಜೀವಕೋಶಗಳಲ್ಲಿ ಕೆಟಲೇಸ್ ಎಂಬ ಕಿಣ್ವವಿದೆ. ಪೆರಾಕ್ಸೈಡನ್ನು ಒಡೆದು ನೀರು ಮತ್ತು ಆಕ್ಸಿಜನ್ ಮಾಡುವುದೇ ಅದರ ಕೆಲಸ. ಒಡೆದಾಗ ಹೊರಬರುವ ಆಕ್ಸಿಜನ್ ಗುಳ್ಳೆಗಳೇ ನೀವು ನೋಡುವ ನೊರೆ. ಶೇ. 3ರ ದ್ರಾವಣದ 1 ಮಿಲಿಲೀಟರಿನಿಂದ ಸುಮಾರು 10 ಮಿಲಿಲೀಟರ್ ಆಕ್ಸಿಜನ್ ಬರುತ್ತದೆ. ಅಷ್ಟು ಚಿಕ್ಕ ಗಾಯದಲ್ಲಿ ಅಷ್ಟು ಜೋರು ನೊರೆ ಏಳುವುದು ಅದಕ್ಕೇ.

ನೊರೆ ಬಂತು ಅಂದರೆ ಕ್ರಿಮಿಗಳು ಸಾಯುತ್ತಿವೆ ಎಂದಲ್ಲವೇ?

ಅಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನು ಓದಿ, ಏಕೆಂದರೆ ಉಳಿದ ಬಹುತೇಕ ತಪ್ಪುಗಳು ಹುಟ್ಟುವುದು ಇಲ್ಲಿಂದಲೇ.

ಒಂದೇ ಒಂದು ಕ್ರಿಮಿ ಇಲ್ಲದ ಶುದ್ಧ ರಕ್ತದ ಮೇಲೆ ಹಾಕಿದರೂ ನೊರೆ ಬರುತ್ತದೆ. ಆಗ ತಾನೇ ಹೆಚ್ಚಿದ ಹಸಿ ಆಲೂಗಡ್ಡೆ ಹೋಳಿನ ಮೇಲೆ ಎರಡು ಹನಿ ಬಿಟ್ಟು ನೋಡಿ, ಅಲ್ಲೂ ಬರುತ್ತದೆ. ಇನ್ನೊಂದು ಕಡೆ, ಗಾಯಗಳಲ್ಲಿ ಸೋಂಕು ತರುವ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಲ್ಲಿ ಕೆಟಲೇಸ್ ಇಲ್ಲವೇ ಇಲ್ಲ. ಅದರ ಮೇಲೆ ಪೆರಾಕ್ಸೈಡ್ ಬಿದ್ದರೆ ನೊರೆ ಏಳುವುದಿಲ್ಲ. ಸ್ಟೆಫೈಲೊಕಾಕಸ್‌ನಲ್ಲಿ ಕೆಟಲೇಸ್ ಇದೆ, ಅದಕ್ಕೆ ನೊರೆ ಏಳುತ್ತದೆ. ಲ್ಯಾಬಿನಲ್ಲಿ ಇವೆರಡನ್ನು ಬೇರೆ ಮಾಡಿ ಗುರುತಿಸಲು ಇದೇ ಪರೀಕ್ಷೆ ಮಾಡುತ್ತಾರೆ. ಆ ಸ್ಟೆಫೈಲೊಕಾಕಸ್ ತನ್ನ ಕೆಟಲೇಸನ್ನು ಪೆರಾಕ್ಸೈಡಿನಿಂದ ತಪ್ಪಿಸಿಕೊಳ್ಳಲೆಂದೇ ಬಳಸುತ್ತದೆ. ಹಾಗಾಗಿ ನೊರೆ ಜಾಸ್ತಿ ಬಂದರೆ ಗಾಯ ಕೆಟ್ಟಿದೆ, ನಿಂತರೆ ಶುದ್ಧವಾಯಿತು ಎಂಬ ಲೆಕ್ಕವೇ ಸರಿಯಲ್ಲ. ನೊರೆ ನಿಲ್ಲುವವರೆಗೆ ಸುರಿಯುತ್ತಲೇ ಇರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಹಾಗಾದರೆ ಅದು ಕ್ರಿಮಿನಾಶಕವೇ ಅಲ್ಲವೇ?

ಕ್ರಿಮಿನಾಶಕ ಹೌದು. ರಕ್ತ, ಕೀವು ಇಲ್ಲದ ಮೇಲ್ಮೈಯಲ್ಲಿ ಕೆಲವು ನಿಮಿಷ ಒದ್ದೆಯಾಗಿ ನಿಂತರೆ ಬ್ಯಾಕ್ಟೀರಿಯಾ, ವೈರಸ್ ಎರಡನ್ನೂ ಕೊಲ್ಲುತ್ತದೆ. ಗಾಯದೊಳಗೆ ಅದಕ್ಕೆ ಅಷ್ಟು ಹೊತ್ತು ಸಿಗುವುದಿಲ್ಲ, ಅದಕ್ಕೆ ಮೊದಲೇ ನಮ್ಮದೇ ಕೆಟಲೇಸ್ ಒಡೆದು ಹಾಕಿರುತ್ತದೆ.

ಇಷ್ಟೇ ಆಗಿದ್ದರೆ ಹಾಕಿದರೂ ನಷ್ಟವಿಲ್ಲ ಎನ್ನಬಹುದಿತ್ತು. ಆದರೆ ಅಷ್ಟರೊಳಗೆ ಅದು ಸುಡುವುದು ಕ್ರಿಮಿಯನ್ನು ಮಾತ್ರವಲ್ಲ. ಗಾಯ ಮಾಯಬೇಕಾದರೆ ಹೊಸ ಚರ್ಮ ಕಟ್ಟುವ ಜೀವಕೋಶಗಳು ಅಂಚಿನಿಂದ ನಡುವಿಗೆ ಸರಿಯಬೇಕು, ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳು ಕೆಳಗಿನಿಂದ ತುಂಬಿಕೊಂಡು ಬರಬೇಕು. ಶೇ. 3ರ ಪೆರಾಕ್ಸೈಡ್ ಈ ಫೈಬ್ರೊಬ್ಲಾಸ್ಟ್‌ಗಳಿಗೆ ವಿಷ ಎಂದು 1985ರಲ್ಲೇ ಪ್ರಕಟವಾದ ಪ್ರಯೋಗಾಲಯದ ಅಧ್ಯಯನ ತೋರಿಸಿತು. ಒಂದು ಸಲ ಹಾಕಿದರೆ ದೊಡ್ಡ ಅನಾಹುತವೇನೂ ಆಗದು. ದಿನಕ್ಕೆರಡು ಸಲ, ವಾರಗಟ್ಟಲೆ ಹಾಕಿದರೆ ಇವತ್ತು ಕಟ್ಟಿದ್ದನ್ನು ನಾಳೆ ಬೆಳಿಗ್ಗೆ ಕೆಡವಿದಂತೆ.

ನಮ್ಮ ದೇಹವೂ ಪೆರಾಕ್ಸೈಡ್ ತಯಾರಿಸುತ್ತದೆ. ಬಿಳಿ ರಕ್ತಕಣಗಳು ಕ್ರಿಮಿಗಳನ್ನು ನುಂಗಿದ ಮೇಲೆ ಒಳಗೊಳಗೇ ಅದನ್ನು ಬಳಸುತ್ತವೆ. ಗಾಯದ ಅಂಚಿನ ಜೀವಕೋಶಗಳು ಸ್ವಲ್ಪ ಪೆರಾಕ್ಸೈಡ್ ಬಿಟ್ಟು ಬಿಳಿ ಕಣಗಳನ್ನು ಆ ಜಾಗಕ್ಕೆ ಕರೆಯುತ್ತವೆ ಎಂಬುದು ಜೀಬ್ರಾಫಿಶ್ ಮೀನಿನ ಮರಿಗಳ ಮೇಲೆ ನಡೆದ ಅಧ್ಯಯನದಿಂದ 2009ರಲ್ಲಿ ತಿಳಿಯಿತು. ದೇಹ ಬಳಸುವುದು ಅತಿ ಸಣ್ಣ ಪ್ರಮಾಣದಲ್ಲಿ, ಬೇಕಾದ ಜಾಗದಲ್ಲಿ ಮಾತ್ರ. ಬಾಟಲಿಯಿಂದ ಸುರಿಯುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಮೊದಲೆಲ್ಲ ಆಸ್ಪತ್ರೆಗಳಲ್ಲೇ ಇದನ್ನು ಹಾಕುತ್ತಿದ್ದರು. ಈಗಲೂ ಕೆಲವೆಡೆ ಹಾಕುತ್ತಾರಲ್ಲ?

ಹಾಕುತ್ತಾರೆ, ಅದಕ್ಕೆ ಕಾರಣವೂ ಇರಬಹುದು. ಒಣಗಿದ ರಕ್ತಕ್ಕೆ ಅಂಟಿಕೊಂಡ ಬಟ್ಟೆ ಬಿಡಿಸಲು, ಮಣ್ಣು-ಕಸ ಸೇರಿದ ಗಾಯವನ್ನು ಮೊದಲ ಸಲ ತೊಳೆಯುವಾಗ ಮೇಲಕ್ಕೆ ಎತ್ತಿ ತರಲು ಆ ನೊರೆ ನೆರವಾಗುತ್ತದೆ. ಆಮೇಲೆ ಸಲೈನಿನಿಂದ, ಅಂದರೆ ಶುದ್ಧ ಉಪ್ಪುನೀರಿನಿಂದ, ಚೆನ್ನಾಗಿ ತೊಳೆಯುತ್ತಾರೆ. ಡಾಕ್ಟರು ನೋಡಿ, ಒಂದು ಸಲಕ್ಕೆಂದು ಮಾಡುವ ಕೆಲಸ ಅದು. ಇನ್ನೊಂದು ಬಳಕೆ ಮುಲಾಮಿನ ರೂಪದಲ್ಲಿದೆ. ಮಕ್ಕಳ ಮುಖದ ಮೇಲೆ ಜೇನುಬಣ್ಣದ ಹಕ್ಕಳೆ ಕಟ್ಟುವ ಇಂಪೆಟೈಗೊ ಎಂಬ ಚರ್ಮದ ಸೋಂಕು ಸ್ವಲ್ಪ ಜಾಗದಲ್ಲಷ್ಟೇ ಇದ್ದರೆ ಶೇ. 1ರ ಪೆರಾಕ್ಸೈಡ್ ಕ್ರೀಮ್ ಹಚ್ಚಬಹುದು ಎಂದು ಬ್ರಿಟನ್ನಿನ ನೈಸ್ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಆಂಟಿಬಯಾಟಿಕ್ ಮುಲಾಮುಗಳ ಬಳಕೆ ತಗ್ಗಿಸುವುದು ಅದರ ಉದ್ದೇಶ. ಹಾಗಂತ ಬಾಟಲಿಯ ದ್ರಾವಣ ಆ ಕ್ರೀಮಿಗೆ ಬದಲಿಯಲ್ಲ.

ಆಳವಾದ ಗಾಯದ ವಿಷಯ ಬೇರೆ. ಒಳಗೆ ಹುಟ್ಟಿದ ಆಕ್ಸಿಜನ್ನಿಗೆ ಹೊರಬರಲು ದಾರಿಯಿಲ್ಲದಿದ್ದರೆ ಅದು ರಕ್ತನಾಳಕ್ಕೆ ನುಗ್ಗಿ, ಗುಳ್ಳೆಯಾಗಿ ಹರಿದು, ಹೃದಯ, ಶ್ವಾಸಕೋಶ, ಮಿದುಳಿನ ರಕ್ತಸಂಚಾರವನ್ನೇ ತಡೆಯಬಹುದು. ಇದರಿಂದ ಪ್ರಾಣ ಹೋದ ಪ್ರಕರಣಗಳೂ ಇವೆ. ದೇಹದ ಮುಚ್ಚಿದ ಭಾಗಗಳಲ್ಲಿ, ಆಳವಾದ ಇಲ್ಲವೇ ದೊಡ್ಡ ಗಾಯಗಳಲ್ಲಿ ಇದನ್ನು ಬಳಸಬಾರದು ಎಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಶಸ್ತ್ರಚಿಕಿತ್ಸಕರಿಗೇ ಮತ್ತೆ ನೆನಪಿಸಿತು. ಅವರಿಗೇ ಆ ಎಚ್ಚರಿಕೆ ಬೇಕಿದ್ದರೆ, ಮನೆಯಲ್ಲಿ ಸಿರಿಂಜಿಗೆ ಪೆರಾಕ್ಸೈಡ್ ತುಂಬಿ ಕುರುವಿನ ರಂಧ್ರದೊಳಕ್ಕೆ ಒತ್ತುವುದು ಎಷ್ಟು ಅಪಾಯವೆಂದು ನೀವೇ ಯೋಚಿಸಿ.

ಗಾಡಿಯಿಂದ ಬಿದ್ದು ಮಂಡಿ ತರಚಿದೆ. ಪೆರಾಕ್ಸೈಡ್ ಬೇಡ ಅಂದರೆ ಇನ್ನೇನು ಹಾಕಲಿ?

ನೀರು. ಕುಡಿಯಲು ಯೋಗ್ಯವಾದ ನಲ್ಲಿ ನೀರು ಸಾಕು, ಅದು ಇಲ್ಲದಿದ್ದರೆ ಕುದಿಸಿ ಆರಿಸಿದ್ದು. ಹರಿಯುವ ನೀರಿನ ಕೆಳಗೆ ಐದು-ಹತ್ತು ನಿಮಿಷ ಹಿಡಿದು, ಮರಳು, ಮಣ್ಣು ಹೋಗುವವರೆಗೆ ತೊಳೆಯಿರಿ. ಸುತ್ತಲಿನ ಚರ್ಮಕ್ಕೆ ಸೋಪು ಹಚ್ಚಬಹುದು. ಶುದ್ಧ ನಲ್ಲಿ ನೀರಿನಲ್ಲಿ ತೊಳೆದ ಗಾಯಕ್ಕೂ ಸಲೈನಿನಲ್ಲಿ ತೊಳೆದ ಗಾಯಕ್ಕೂ ಸೋಂಕಿನ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ವರದಿ ಹೇಳುತ್ತದೆ. ರಕ್ತ ಬರುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಬಿಡದೆ ಒತ್ತಿ ಹಿಡಿಯಿರಿ. ಆಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ, ಅಂಟದ ಬ್ಯಾಂಡೇಜ್ ಕಟ್ಟಿ, ದಿನಕ್ಕೊಮ್ಮೆ ಬದಲಿಸಿ. ಗಾಯಕ್ಕೆ ಗಾಳಿಯಾಡಬೇಕು, ಒಣಗಿ ಹಕ್ಕಳೆ ಕಟ್ಟಬೇಕು ಎಂದು ಹಿರಿಯರು ಹೇಳುವುದುಂಟು. ನಿಜದಲ್ಲಿ ಸ್ವಲ್ಪ ಪಸೆ ಇರುವ ಗಾಯವೇ ಬೇಗ ಮಾಯುತ್ತದೆ, ಕಲೆಯೂ ಕಡಿಮೆ.

ಕಾಫಿ ಪುಡಿ ಮೆತ್ತುವುದು, ಸುಣ್ಣ ಹಚ್ಚುವುದು, ಅಡುಗೆಮನೆಯ ಡಬ್ಬಿಯ ಅರಿಶಿನ ತುಂಬುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ರಕ್ತ ನಿಂತಂತೆ ಕಾಣುತ್ತದೆ ನಿಜ. ಆದರೆ ಆ ಪುಡಿಯೆಲ್ಲ ಗಾಯದೊಳಗೇ ಉಳಿಯುತ್ತದೆ. ಹೊಲಿಗೆ ಹಾಕುವ ಮುಂಚೆ ನರ್ಸು ಅದನ್ನು ಉಜ್ಜಿ ತೆಗೆಯಬೇಕಾಗುತ್ತದೆ, ಆ ನೋವು ತಿನ್ನುವುದು ಪಾಪ, ಪೆಟ್ಟಾದವರೇ.

ಮೊಳೆ ಚುಚ್ಚಿದೆ. ಧನುರ್ವಾಯು ಕ್ರಿಮಿಗೆ ಆಕ್ಸಿಜನ್ ಆಗಿಬರುವುದಿಲ್ಲವಂತೆ, ಪೆರಾಕ್ಸೈಡ್ ಹಾಕಿದರೆ ಇಂಜೆಕ್ಷನ್ ಬೇಡವೇ?

ಬೇಕೇ ಬೇಕು. ಆ ಬ್ಯಾಕ್ಟೀರಿಯಾ ಆಕ್ಸಿಜನ್ ಇಲ್ಲದ ಕಡೆ ಬೆಳೆಯುತ್ತದೆ ಎಂಬುದು ಸರಿ. ಆದರೆ ಮೊಳೆಯ ಗಾಯ ಕಿರಿದು, ಆಳ. ಮೇಲೆ ಸುರಿದದ್ದು ತಳ ಮುಟ್ಟುವುದಿಲ್ಲ. ಮೇಲಾಗಿ ಮಣ್ಣಿನಿಂದ ಒಳಹೋಗುವುದು ಗಟ್ಟಿ ಕವಚದ ಬೀಜಕಣಗಳು, ಅವು ಅಷ್ಟು ಸುಲಭಕ್ಕೆ ಸಾಯುವವಲ್ಲ. ಚೆನ್ನಾಗಿ ತೊಳೆದು ಆಸ್ಪತ್ರೆಗೆ ಹೋಗಿ. ನಾವು ಟಿಟಿ ಎಂದು ಕರೆಯುತ್ತಿದ್ದ ಲಸಿಕೆಯ ಜಾಗದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಈಗ ಧನುರ್ವಾಯು, ಡಿಫ್ತೀರಿಯಾ ಎರಡಕ್ಕೂ ಆಗುವ ಟಿಡಿ ಕೊಡುತ್ತಾರೆ. ಮಣ್ಣು ಸೇರಿದ ಗಾಯವಾಗಿ, ಹಿಂದಿನ ಡೋಸ್ ಆಗಿ ಐದು ವರ್ಷ ದಾಟಿದ್ದರೆ ಸಾಮಾನ್ಯವಾಗಿ ಇನ್ನೊಂದು ಹಾಕುತ್ತಾರೆ.

ನಾಯಿ ಕಚ್ಚಿದಾಗ?

ಪೆರಾಕ್ಸೈಡ್ ಹುಡುಕುತ್ತ ಸಮಯ ಕಳೆಯಬೇಡಿ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅದೇ ದಿನ ರೇಬೀಸ್ ಲಸಿಕೆ ಶುರುವಾಗಬೇಕು. ಗಾಯದಿಂದ ರಕ್ತ ಬಂದಿದ್ದರೆ ಗಾಯದ ಸುತ್ತ ಹಾಕುವ ಇಮ್ಯುನೊಗ್ಲೊಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆನ್ನುವಷ್ಟು ವಿರಳ. ಖಾರದ ಪುಡಿ, ಸುಣ್ಣ, ಅರಿಶಿನ ಯಾವುದನ್ನೂ ಮೆತ್ತಬೇಡಿ.

ಸಕ್ಕರೆ ಕಾಯಿಲೆ ಇರುವವರ ಕಾಲಿನ ಹುಣ್ಣಿಗೆ ದಿನಾ ಹಾಕಿ ಡ್ರೆಸ್ಸಿಂಗ್ ಮಾಡಬಹುದೇ?

ಬೇಡ. ಅವರ ಗಾಯ ಮೊದಲೇ ನಿಧಾನಕ್ಕೆ ಮಾಯುತ್ತದೆ, ಕಾಲಿನ ನರಗಳು ಜಡವಾಗಿರುವುದರಿಂದ ಉರಿಯೂ ಗೊತ್ತಾಗುವುದಿಲ್ಲ. ಮನೆಯವರು ತಿಂಗಳುಗಟ್ಟಲೆ ಶ್ರದ್ಧೆಯಿಂದ ತೊಳೆಯುತ್ತಾರೆ, ಹುಣ್ಣು ಮಾತ್ರ ಇದ್ದಲ್ಲೇ ಇರುತ್ತದೆ. ಅಷ್ಟು ಅಕ್ಕರೆಯ ಆರೈಕೆ ಹೀಗೆ ವ್ಯರ್ಥವಾಗುವುದು ಸಂಕಟದ ವಿಷಯ. ಬೆರಳು ಕಪ್ಪಾದರೆ, ವಾಸನೆ ಬಂದರೆ, ಪಾದ ಊದಿದರೆ ಅದೇ ದಿನ ಡಾಕ್ಟರಿಗೆ ತೋರಿಸಿ.

ಮಗುವಿಗೆ ಕಿವಿ ಚುಚ್ಚಿಸಿದ್ದೇವೆ. ಚುಚ್ಚಿದವರು ಪೆರಾಕ್ಸೈಡಿನಲ್ಲಿ ಒರೆಸಿ ಎಂದಿದ್ದಾರೆ. ಒರೆಸಲೇ?

ಬೇಡ. ಚುಚ್ಚಿಸಿದ ಕಿವಿಯೂ ಒಂದು ಗಾಯವೇ, ಅದರ ಮೂಲಕ ಓಲೆ ಹಾದಿದೆ ಅಷ್ಟೇ. ಅದು ಮಾಯುವುದೆಂದರೆ ರಂಧ್ರದ ಒಳಗೋಡೆಗೆ ಎರಡೂ ಕಡೆಯಿಂದ ಹೊಸ ಚರ್ಮ ಬೆಳೆದು ಕೊಳವೆಯಂತೆ ಕೂಡಿಕೊಳ್ಳುವುದು. ಆ ಚರ್ಮ ಶುರುವಿನಲ್ಲಿ ಬಲು ತೆಳು. ಪೆರಾಕ್ಸೈಡ್ ತಾಗಿದಾಗೆಲ್ಲ ಅದು ಬೆಂದು, ಒಣಗಿ, ಮತ್ತೆ ಪಸೆ ಬಿಡುತ್ತದೆ. ಪಸೆ ನೋಡಿ ಸೋಂಕಾಗಿದೆ ಎಂದುಕೊಂಡು ತಾಯಿ ಇನ್ನಷ್ಟು ಒರೆಸುತ್ತಾರೆ. ಈ ಸುತ್ತಿನಲ್ಲಿ ಸಿಕ್ಕಿಕೊಂಡ ಎಷ್ಟೋ ಕಿವಿಗಳು ಒರೆಸುವುದನ್ನು ನಿಲ್ಲಿಸಿದ ಮೇಲೆ ತಾವಾಗಿಯೇ ಸರಿಹೋಗುತ್ತವೆ.

ಅಮೆರಿಕದ ಅಸೋಸಿಯೇಷನ್ ಆಫ್ ಪ್ರೊಫೆಷನಲ್ ಪಿಯರ್ಸರ್ಸ್ ಸಂಸ್ಥೆ ಹೇಳುವುದೂ ಇದನ್ನೇ: ಪೆರಾಕ್ಸೈಡ್ ಬೇಡ, ಸ್ಪಿರಿಟ್ ಬೇಡ, ಶೇ. 0.9ರ ಸಲೈನ್ ಸಾಕು. ಓಲೆಯನ್ನು ದಿನಾ ತಿರುಗಿಸುತ್ತಿರಬೇಕು ಎಂಬ ಹಳೆಯ ಸಲಹೆಯನ್ನೂ ಅವರು ಒಪ್ಪುವುದಿಲ್ಲ. ತಿರುಗಿಸಿದರೆ ಒಣಗಿದ ಪಸೆ ಹಸಿ ರಂಧ್ರದೊಳಗೆ ಹೋಗಿ ಗೀರುತ್ತದೆ.

ನಾಮಕರಣದ ಹೊತ್ತಿಗೇ ಚುಚ್ಚಿಸುವ ರೂಢಿ ಕೆಲವು ಮನೆಗಳಲ್ಲಿದೆ. ನನ್ನ ಕೋರಿಕೆ ಒಂದೇ. ಆರು, ಹತ್ತು, ಹದಿನಾಲ್ಕನೆಯ ವಾರದ ಲಸಿಕೆಗಳಲ್ಲಿ ಧನುರ್ವಾಯುವಿನದ್ದೂ ಸೇರಿದೆ. ಅವು ಮುಗಿಯುವವರೆಗೆ ಕಾಯಿರಿ. ಅಕ್ಕಸಾಲಿಯ ಬಳಿ ಚುಚ್ಚಿಸುವುದಾದರೂ ಸೂಜಿ ಹೊಸದೇ, ಓಲೆಯನ್ನು ಸ್ವಚ್ಛ ಮಾಡಿದ್ದಾರೆಯೇ, ಕೈ ತೊಳೆದಿದ್ದಾರೆಯೇ ಎಂದು ಕೇಳಲು ಸಂಕೋಚ ಬೇಡ.

ಸಲೈನ್ ಎಲ್ಲಿ ಸಿಗುತ್ತದೆ? ಮನೆಯಲ್ಲೇ ಉಪ್ಪುನೀರು ಮಾಡಿಕೊಳ್ಳಬಹುದೇ?

ಮೆಡಿಕಲ್ ಶಾಪಿನಲ್ಲಿ ಎನ್‌ಎಸ್ ಎಂದು ಕೇಳಿ, 100 ಮಿಲಿಲೀಟರಿನ ಚಿಕ್ಕ ಬಾಟಲಿಯೂ ಸಿಗುತ್ತದೆ. ಡ್ರಿಪ್ ಬಾಟಲಿಯನ್ನು ಒಮ್ಮೆ ತೆರೆದರೆ ಒಂದು ದಿನದ ಮೇಲೆ ಇಟ್ಟುಕೊಳ್ಳಬೇಡಿ. ಹತ್ತಿಯ ಬದಲು ಗಾಜ್ ಬಟ್ಟೆಯನ್ನು ಅದರಲ್ಲಿ ಅದ್ದಿ ಎರಡು ನಿಮಿಷ ಇಟ್ಟರೆ ಹಕ್ಕಳೆ ಮೆತ್ತಗಾಗಿ ತಾನೇ ಬಿಡುತ್ತದೆ. ಹತ್ತಿಯ ಎಳೆಗಳು ಓಲೆಯ ತಿರುಪಿಗೆ ಸಿಕ್ಕಿಕೊಳ್ಳುತ್ತವೆ. ದಿನಕ್ಕೆ ಎರಡು ಸಲ ಸಾಕು.

ಮನೆಯಲ್ಲಿ ಮಾಡಲೇಬೇಕೆಂದರೆ ಒಂದು ಲೋಟ, ಅಂದರೆ ಸುಮಾರು 250 ಮಿಲಿಲೀಟರ್ ಕುದಿಸಿ ಆರಿಸಿದ ನೀರಿಗೆ ಕಾಲು ಟೀ ಚಮಚ ಉಪ್ಪು. ಅದಕ್ಕಿಂತ ಹೆಚ್ಚು ಬೇಡ. ಉಪ್ಪು ಜಾಸ್ತಿಯಾದರೆ ಚರ್ಮ ಬಿರಿಯುತ್ತದೆ. ಕೈ ಅಳತೆ ತಪ್ಪುವುದು ಸುಲಭ, ಹಾಗಾಗಿ ಕೊಂಡ ಸಲೈನೇ ಮೇಲು.

ಕೊಬ್ಬರಿ ಎಣ್ಣೆ-ಅರಿಶಿನ, ಬೇವಿನ ಕಡ್ಡಿ?

ಅಜ್ಜಿಯ ಕಾಲದಿಂದ ಬಂದದ್ದು, ಎಷ್ಟೋ ಕಿವಿಗಳು ಹಾಗೆಯೇ ಮಾದಿವೆ. ರಂಧ್ರ ಪೂರ್ತಿ ಮಾದ ಮೇಲೆ, ಓಲೆ ಬಿಗಿಯಾದಾಗ ಒಂದು ಹನಿ ಎಣ್ಣೆ ಹಚ್ಚಿದರೆ ತಪ್ಪೇನಿಲ್ಲ. ಹಸಿ ಗಾಯಕ್ಕೆ ಮಾತ್ರ ಬೇಡ. ಎಣ್ಣೆ-ಪುಡಿ ಸೇರಿ ಬಾಯಿ ಮುಚ್ಚಿಕೊಂಡರೆ ಪಸೆ ಒಳಗೇ ಕಟ್ಟುತ್ತದೆ, ಧೂಳೂ ಹಿಡಿಯುತ್ತದೆ. ಮರದಿಂದ ಮುರಿದ ಬೇವಿನ ಕಡ್ಡಿಯನ್ನು ಎಷ್ಟು ತೊಳೆದರೂ ಶುದ್ಧವೆನ್ನಲಾಗದು.

ಡೆಟಾಲ್, ಸ್ಪಿರಿಟ್, ಬೆಟಾಡಿನ್ ಇವುಗಳಾದರೂ ಸರಿಯೇ?

ದಿನಾ ಹಚ್ಚಲು ಯಾವುದೂ ಬೇಡ. ನೀರು ಬೆರೆಸದ ಡೆಟಾಲ್ ಚರ್ಮವನ್ನು ಸುಡುತ್ತದೆ. ಸ್ಪಿರಿಟ್ ಒಣಗಿಸುತ್ತದೆ. ಬೆಟಾಡಿನ್ ಕೊಳೆಯಾದ ಗಾಯಕ್ಕೆ ಮೊದಲ ದಿನ ಉಪಯುಕ್ತ, ಪ್ರಾಣಿ ಕಚ್ಚಿದ ಗಾಯ ತೊಳೆದ ಮೇಲೂ ಹಾಕುತ್ತಾರೆ. ವಾರಗಟ್ಟಲೆ ಹಚ್ಚುವುದಕ್ಕಲ್ಲ.

ಕಿವಿಯ ಮೇಲ್ಭಾಗಕ್ಕೆ ಚುಚ್ಚಿಸಿದ್ದೇನೆ. ಕೆಂಪಗೆ ಊದಿದೆ, ಪೆರಾಕ್ಸೈಡ್ ಹಾಕಿ ಎರಡು ದಿನ ನೋಡಲೇ?

ನೋಡಬೇಡಿ, ಇವತ್ತೇ ಡಾಕ್ಟರ ಬಳಿ ಹೋಗಿ. ಬುಗುಡಿ ಹಾಕುವ ಆ ಜಾಗದಲ್ಲಿರುವುದು ಮೃದ್ವಸ್ಥಿ. ಅದಕ್ಕೆ ಸ್ವಂತ ರಕ್ತನಾಳಗಳಿಲ್ಲ, ಮೇಲೆ ಹೊದ್ದಿರುವ ತೆಳು ಪೊರೆಯಿಂದಲೇ ಪೋಷಣೆ. ಸೋಂಕಾಗಿ ಕೀವು ತುಂಬಿದರೆ ಆ ಪೊರೆ ಕಳಚಿ, ಮೃದ್ವಸ್ಥಿ ಸತ್ತು, ಕಿವಿ ಮುದುಡಿಹೋಗುತ್ತದೆ. ಮತ್ತೆ ಮೊದಲಿನ ಆಕಾರ ತರುವುದು ತುಂಬಾ ಕಷ್ಟ. ಇಲ್ಲಿ ಸೋಂಕು ತರುವುದು ಹೆಚ್ಚಾಗಿ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ, ಅದಕ್ಕೆ ಸಾಮಾನ್ಯ ಆಂಟಿಬಯಾಟಿಕ್‌ಗಳು ನಾಟುವುದಿಲ್ಲ. ಮನೆಯಲ್ಲಿ ಉಳಿದ ಮಾತ್ರೆ ನುಂಗಿ ದಿನ ಕಳೆಯುವುದು ಬಹಳ ದುಬಾರಿಯಾದೀತು. ಮೇಲ್ಭಾಗ ಊದಿ ಹಾಲೆ ಮಾತ್ರ ಸರಿಯಾಗಿದ್ದರೆ ಅದು ಮೃದ್ವಸ್ಥಿಯ ಸೋಂಕಿನ ಗುರುತು. ಓಲೆಯನ್ನು ನೀವಾಗಿ ಕಿತ್ತುಹಾಕಬೇಡಿ. ಬಾಯಿ ಮುಚ್ಚಿ ಕೀವು ಒಳಗೇ ನಿಲ್ಲಬಹುದು. ತೆಗೆಯಬೇಕೋ ಬೇಡವೋ ಎಂದು ಡಾಕ್ಟರು ಹೇಳಲಿ.

ಈ ಜಾಗಕ್ಕೆ ಗನ್ನಿನಿಂದ ಚುಚ್ಚಿಸಲೇಬೇಡಿ. ಮೊಂಡು ಮೊನೆಯನ್ನು ಒತ್ತಡದಿಂದ ನುಗ್ಗಿಸಿದರೆ ಮೃದ್ವಸ್ಥಿ ಜಜ್ಜಿಹೋಗುತ್ತದೆ.

ಮೂಗುಬೊಟ್ಟಿನ ಪಕ್ಕ ಚಿಕ್ಕ ಕೆಂಪು ಗುಳ್ಳೆ ಎದ್ದಿದೆ. ಪೆರಾಕ್ಸೈಡಿನಿಂದ ಒಣಗಿಸಬಹುದೇ?

ಇದನ್ನು ಕೇಳದವರೇ ಕಡಿಮೆ. ಬಹುಪಾಲು ಅದು ಸೋಂಕಲ್ಲ, ಉಜ್ಜಾಟದಿಂದ ಎದ್ದ ಗುಳ್ಳೆ. ಟವೆಲ್ಲಿಗೆ, ದುಪಟ್ಟಾಕ್ಕೆ ಸಿಕ್ಕಿ ಎಳೆದಿರಬಹುದು, ಮೂಗುಬೊಟ್ಟು ಬಿಗಿಯಾಗಿರಬಹುದು, ಇಲ್ಲವೇ ಅದರಲ್ಲಿ ನಿಕ್ಕಲ್ ಇರಬಹುದು. ಪೆರಾಕ್ಸೈಡ್ ಹಾಕಿದರೆ ಗುಳ್ಳೆ ಮೇಲೆ ಒಣಗಿದಂತಾಗಿ ಎರಡು ದಿನಕ್ಕೆ ಮತ್ತೆ ಏಳುತ್ತದೆ. ಕಾರಣ ತೆಗೆಯಿರಿ: ಒಳ್ಳೆಯ ಚಿನ್ನದ್ದೋ ಟೈಟೇನಿಯಂನದ್ದೋ ಬೊಟ್ಟು ಹಾಕಿಸಿ, ಕೈ ಹಚ್ಚಬೇಡಿ, ಸಲೈನ್ ಬಳಸಿ. ಗುಳ್ಳೆ ಗಟ್ಟಿಯಾಗಿ, ರಂಧ್ರದ ಗಡಿ ದಾಟಿ ಬೆಳೆಯುತ್ತಲೇ ಇದ್ದರೆ ಕೀಲಾಯ್ಡ್, ಅಂದರೆ ಮಿತಿಮೀರಿ ಬೆಳೆಯುವ ಗಾಯದ ಕಲೆ, ಇರಬಹುದು, ಚರ್ಮದ ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಯಾರಿಗಾದರೂ ಕೀಲಾಯ್ಡ್ ಇದ್ದರೆ ಚುಚ್ಚಿಸುವ ಮುಂಚೆಯೇ ಕೇಳುವುದು ಒಳ್ಳೆಯದು.

ಮೂಗು ಮಾಯಲು ನಾಲ್ಕರಿಂದ ಆರು ತಿಂಗಳು ಹಿಡಿಯುತ್ತದೆ, ಕಿವಿಯ ಹಾಲೆಗೆ ಆರರಿಂದ ಎಂಟು ವಾರ, ಮೃದ್ವಸ್ಥಿಗೆ ಆರು ತಿಂಗಳಿನಿಂದ ಒಂದು ವರ್ಷ. ಒಂದೇ ತಿಂಗಳಿಗೆ ಪೂರ್ತಿ ಮಾಯಲಿಲ್ಲವೆಂದು ಗಾಬರಿಪಡುವವರು ಹೆಚ್ಚು.

ಬರುತ್ತಿರುವುದು ಕೀವೋ ಅಲ್ಲವೋ ಎಂದು ತಿಳಿಯುವುದು ಹೇಗೆ?

ತೆಳ್ಳಗೆ, ಬಿಳಿಚಾಗಿ ಬಂದು ಒಣಗಿ ಹಕ್ಕಳೆಯಾದರೆ ಅದು ಮಾಯುವಾಗಿನ ಸಹಜ ಪಸೆ. ದಪ್ಪಗೆ, ಹಳದಿ ಇಲ್ಲವೇ ಹಸಿರಾಗಿ, ವಾಸನೆಯಿಂದ ಬಂದು, ಜೊತೆಗೆ ಬಿಸಿ, ಬಾವು, ನೋವು ದಿನೇ ದಿನೇ ಏರುತ್ತಿದ್ದರೆ ಸೋಂಕು. ಜ್ವರ ಬಂದರೆ ಅಥವಾ ಕೆಂಪು ಗೆರೆ ಹರಡಿದರೆ ತಡಮಾಡಬೇಡಿ.

ಬಾಯಿ ಮುಕ್ಕಳಿಸಲು, ಕಿವಿಯ ಗುಗ್ಗೆ ತೆಗೆಯಲು?

ಬಾಯಿಗೆ ಶೇ. 3ರ ದ್ರಾವಣಕ್ಕೆ ಅಷ್ಟೇ ನೀರು ಬೆರೆಸಿ, ಹಲ್ಲಿನ ಡಾಕ್ಟರು ಹೇಳಿದಷ್ಟು ದಿನ ಮಾತ್ರ. ನುಂಗಬಾರದು. ಬಹುಕಾಲ ಬಳಸಿದರೆ ನಾಲಿಗೆ ಕಪ್ಪಾಗಿ ಕೂದಲು ಬಂದಂತೆ ಕಾಣುವುದುಂಟು. ಕಿವಿಗೆ ಹನಿ ಬಿಟ್ಟರೆ ಗುಗ್ಗೆ ಮೆತ್ತಗಾಗುತ್ತದೆ ನಿಜ, ಆದರೆ ತಮಟೆ ತೂತಾಗಿದ್ದರೆ, ಕಿವಿ ಸೋರುತ್ತಿದ್ದರೆ, ಹಿಂದೆ ಕಿವಿಯ ಆಪರೇಷನ್ ಆಗಿದ್ದರೆ ಬಿಡಲೇಬಾರದು. ತಮಟೆ ಸರಿಯಿದೆಯೇ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ, ಆದ್ದರಿಂದ ತೋರಿಸಿಯೇ ಹಾಕಿ.

ಬಾಟಲಿಯ ಮೇಲೆ 20 ವಾಲ್ಯೂಮ್ ಎಂದಿದೆ. ಏನದು?

ಒಂದು ಪಾಲು ದ್ರಾವಣದಿಂದ 20 ಪಾಲು ಆಕ್ಸಿಜನ್ ಎಂದರ್ಥ, ಅಂದರೆ ಸುಮಾರು ಶೇ. 6. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಇದೇ. ಅಮೆರಿಕದ ಲೇಖನ, ವಿಡಿಯೊಗಳು ಹೇಳುವುದು ಶೇ. 3ರ, ಅಂದರೆ 10 ವಾಲ್ಯೂಮಿನ ಬಗ್ಗೆ. ಅವನ್ನು ನೋಡಿ ಹಾಗೆಯೇ ಬಳಸಿದರೆ ನೀವು ಹಾಕುವುದು ಎರಡರಷ್ಟು ತೀಕ್ಷ್ಣ. ಶೇ. 30ಕ್ಕಿಂತ ಮೇಲಿನದು ಕಾರ್ಖಾನೆ, ಲ್ಯಾಬಿನ ಬಳಕೆಗೆ. ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಶೇ. 35ರದ್ದನ್ನು ‘ಫುಡ್ ಗ್ರೇಡ್’ ಎಂದು ಹೇಳಿ, ಕುಡಿದರೆ ಕ್ಯಾನ್ಸರ್ ವಾಸಿಯಾಗುತ್ತದೆಂದು ಮಾರುವವರ ವಿರುದ್ಧ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2006ರಲ್ಲೇ ಎಚ್ಚರಿಸಿದೆ. ಅಂಥ ಸಂದೇಶ ಈಗಲೂ ವಾಟ್ಸಾಪಿನಲ್ಲಿ ಬಂದರೆ ಮುಂದಕ್ಕೆ ಕಳಿಸಬೇಡಿ.

ಯಾರಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ. ಎಚ್ಚರವಿದ್ದರೆ ಸ್ವಲ್ಪ ನೀರು ಕೊಟ್ಟು, ಬಾಟಲಿಯನ್ನೂ ಹಿಡಿದು ಆಸ್ಪತ್ರೆಗೆ ಹೋಗಿ. ಎಷ್ಟು ಶೇಕಡಾ ಎಂಬುದು ಅವರಿಗೆ ಮೊದಲು ಬೇಕಾಗುವ ಮಾಹಿತಿ. ನೀರಿನ ಬಾಟಲಿಗೆ ಸುರಿದಿಡುವುದರಿಂದಲೇ ಇಂಥ ಅವಘಡಗಳು ಆಗುವುದು.

ಮನೆಯಲ್ಲಿ ಅರ್ಧ ಬಾಟಲಿ ಉಳಿದಿದೆ. ಎಸೆದುಬಿಡಲೇ?

ಎಸೆಯಬೇಕಿಲ್ಲ. ಬಟ್ಟೆಗೆ ಅಂಟಿದ ರಕ್ತದ ಕಲೆಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಕಲೆಯ ಮೇಲೆ ಹನಿಸಿ, ನೊರೆ ಇಳಿದ ಮೇಲೆ ತಣ್ಣೀರಿನಲ್ಲಿ ತೊಳೆಯಿರಿ. ಬಣ್ಣದ ಬಟ್ಟೆಯಾದರೆ ಮೊದಲು ಒಳಮಡಿಕೆಯಲ್ಲಿ ಪರೀಕ್ಷಿಸಿ, ಬಣ್ಣ ಬಿಡಬಹುದು. ರೇಷ್ಮೆಗೆ ಬೇಡ. ಬಾಟಲಿ ಅದರದೇ ಗಾಢ ಬಣ್ಣದ್ದಾಗಿರಲಿ, ಬೆಳಕಿಗೆ ಅದು ಸತ್ವ ಕಳೆದುಕೊಳ್ಳುತ್ತದೆ. ಸಿಂಕಿನಲ್ಲಿ ಸುರಿದಾಗ ಒಂದೂ ಗುಳ್ಳೆ ಏಳದಿದ್ದರೆ ಅದು ಬರೀ ನೀರಾಗಿರುವ ಸಾಧ್ಯತೆ ಹೆಚ್ಚು. ವಿನೆಗರ್, ಬ್ಲೀಚ್, ಪೊಟ್ಯಾಸಿಯಂ ಪರ್ಮಾಂಗನೇಟ್ ಇವುಗಳೊಂದಿಗೆ ಎಂದೂ ಬೆರೆಸಬೇಡಿ. ಪರ್ಮಾಂಗನೇಟ್ ಜೊತೆ ಸೇರಿದರೆ ಬಿಸಿಯಾಗಿ ಉಕ್ಕಿ ಸಿಡಿಯುತ್ತದೆ. ಅವಧಿ ಮೀರಿದ್ದನ್ನು ಧಾರಾಳ ನೀರು ಬಿಟ್ಟು ಸಿಂಕಿಗೆ ಸುರಿಯಬಹುದು.